ನಲವತ್ತೇಳನೇ ನಂಬರು, ಗೈರುಹಾಜರು

ಕಾಗದದ ಮೇಲೆ ಅವಳು ಆ ದೊಡ್ಡ ಆಸ್ಪತ್ರೆಯ ಕಣ್ಣಿನ ವಿಭಾಗದ ಅಟೆಂಡರ್. ಆದರೆ ಕಾಗದದ ಮಾತು ಯಾರಿಗೆ ಬೇಕು? ಇಪ್ಪತ್ತೇಳು ವರ್ಷ ಡಾಕ್ಟರರ ಕೋಣೆಯ ಬಾಗಿಲಲ್ಲಿ ನಿಂತು ರೋಗಿಗಳ ಹೆಸರು ಕೂಗಿದವಳು ಅವಳು. ಹಾಗಾಗಿ ಎಲ್ಲರಿಗೂ ಕೂಗಮ್ಮ. ರೋಗಿಗಳಿಗೆ ಕೂಗಮ್ಮ, ನರ್ಸುಗಳಿಗೆ ಕೂಗಮ್ಮ, ಕೊನೆಗೆ ಸಂಬಳದ ಚೀಟಿ ಕೊಡುವ ಗುಮಾಸ್ತನಿಗೂ ಕೂಗಮ್ಮ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದ ಅವಳ ಗಂಡ ಮಾತ್ರ ಬೇರೆ ರೀತಿ ಹೇಳುತ್ತಿದ್ದ. "ನಮ್ಮನೆಗೆ ಕಾಲಿಂಗ್ ಬೆಲ್ ಬೇಡ ಕಣ್ರೀ. ಇವಳು ಬೀದಿ ತುದೀಲಿ ಟೊಮೇಟೊ ಚೌಕಾಸಿ ಮಾಡೋದು ಕೇಳಿಸ್ತಾ ಇದ್ದ ಹಾಗೇ ನಾನು ಎದ್ದು ಬಾಗಿಲು ತೆಗೀತೀನಿ."

ಕೂಗುವುದೇನು ಮಹಾ ಕೆಲಸ ಎಂದು ಮೂಗು ಮುರಿಯುವವರು ಒಮ್ಮೆ ಆ ಹಜಾರಕ್ಕೆ ಬಂದು ನೋಡಬೇಕಿತ್ತು. ಎಂಟು ಸಾಲು ಮರದ ಬೆಂಚು. ಬೆಳಗ್ಗೆ ಒಂಬತ್ತಕ್ಕೆಲ್ಲ ಭರ್ತಿ. ಕಣ್ಣಿನ ವಿಭಾಗದ ರೀತಿಯೇ ಬೇರೆ. ಬಂದವರನ್ನು ನೇರವಾಗಿ ಡಾಕ್ಟರ ಹತ್ತಿರ ಬಿಡುವುದಿಲ್ಲ. ಮೊದಲು ಕಣ್ಣಿಗೆ ಹನಿ ಬಿಡುತ್ತಾರೆ. ಆ ಹನಿಗೆ ಕಣ್ಣಿನ ಪಾಪೆ ಅಗಲವಾಗಬೇಕು, ಆಗಲೇ ಡಾಕ್ಟರಿಗೆ ಒಳಗಿನದು ಕಾಣುವುದು. ಡಾಕ್ಟರಿಗೆ ಕಾಣುತ್ತದೆ ಸರಿ, ರೋಗಿಗೆ ಏನೂ ಕಾಣುವುದಿಲ್ಲ. ಎಲ್ಲ ಮಂಜು ಮಂಜು. ಎದುರಿಗೆ ಕೂತವರು ಗಂಡಸೋ ಹೆಂಗಸೋ ಎಂದು ತಿಳಿಯದ ನೂರಿಪ್ಪತ್ತು ಮಂದಿ ಆ ಬೆಂಚುಗಳ ಮೇಲೆ ಕರವಸ್ತ್ರದಿಂದ ಕಣ್ಣೊತ್ತಿಕೊಳ್ಳುತ್ತ ತಮ್ಮ ಸರದಿಗೆ ಕಾಯುತ್ತಿದ್ದರು.

ಅವರಿಗೆಲ್ಲ ದಿಕ್ಕು ಕೂಗಮ್ಮನ ಗಂಟಲು. ಎಡಗೈ ಮೇಲೆ ರೋಗಿಗಳ ಚೀಟಿಯ ಕಟ್ಟು ಇಟ್ಟುಕೊಂಡು ಅವಳು ಬಾಗಿಲಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ ಎಂಟನೇ ಸಾಲಿನಲ್ಲಿ ತೂಕಡಿಸುತ್ತಿದ್ದವರೂ ಬೆಚ್ಚಿ ನೆಟ್ಟಗಾಗುತ್ತಿದ್ದರು. ಒಂದೇ ಹೆಸರಿನವರು ಇಬ್ಬರು ಮೂವರು ಇದ್ದರೆ ಹೆಸರಿಗೊಂದು ಬಾಲ ಸೇರಿಸುತ್ತಿದ್ದಳು: ಹೊಲಿಗೆ ಅಂಗಡಿಯವರು, ಅವಳಿ ಮಕ್ಕಳ ಅಜ್ಜಿ, ನಿನ್ನೆ ಚಪ್ಪಲಿ ಕಳಕೊಂಡವರು. ಹಜಾರವೆಲ್ಲ ನಗುತ್ತಿತ್ತು. ಕರೆಸಿಕೊಂಡವರು "ಇದ್ದೀನಿ" ಎಂದು ಏಳುತ್ತಿದ್ದರು. ಏಳದೆ ಇದ್ದರೆ ಪಕ್ಕದವರು ತಿವಿಯುತ್ತಿದ್ದರು, "ನಿಮ್ಮನ್ನೇ ಕಣ್ರೀ ಕರೀತಿರೋದು, ಏಳಿ ಏಳಿ." ಎದ್ದವರಿಗೆ ದಾರಿ ಕಾಣದಿದ್ದರೆ ಒಂದು ಬೆಂಚಿನವರು ಕೈ ಹಿಡಿದು ಮುಂದಿನ ಬೆಂಚಿನವರಿಗೆ ಒಪ್ಪಿಸುತ್ತಿದ್ದರು. ಹೀಗೆ ಕೈಯಿಂದ ಕೈಗೆ ಬಂದು ರೋಗಿ ಬಾಗಿಲು ಮುಟ್ಟುವಷ್ಟರಲ್ಲಿ ಮೂರು ಮನೆಯ ಸಮಾಚಾರ ಕೇಳಿಯಾಗಿರುತ್ತಿತ್ತು.

ಇನ್ನೊಂದು ಗುಟ್ಟು ಇತ್ತು. ಅದನ್ನು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ. ಹನಿ ಬಿಟ್ಟ ಮೇಲೆ ಕೂಗಮ್ಮ ಬೆಂಚುಗಳ ನಡುವೆ ಒಂದು ಸುತ್ತು ಬರುತ್ತಿದ್ದಳು. ಎಲ್ಲರಿಗೂ ಒಂದೇ ಪ್ರಶ್ನೆ: "ಏನಾಯ್ತು?" ಕನ್ನಡಕದ ನಂಬರು ಬದಲಾಗಬೇಕು, ಕಣ್ಣು ಉರಿಯುತ್ತೆ, ಪೊರೆ ಬಂದಿದೆ. ಸರಿ, ಕಾಯಲಿ. ಆದರೆ ಯಾರಾದರೂ "ಕಣ್ಣೆದುರು ಮಿಂಚು ಹೊಡೆದ ಹಾಗಾಯ್ತು", "ಒಂದು ಮೂಲೆಯಿಂದ ಪರದೆ ಎಳೆದ ಹಾಗಿದೆ" ಎಂದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಆ ಚೀಟಿಯ ಮೇಲಿನ ಮೂಲೆಯನ್ನು ಮಡಚಿ ಕಟ್ಟಿನ ತಲೆಯ ಮೇಲೆ ಇಡುತ್ತಿದ್ದಳು. ಕಣ್ಣಿನ ಒಳಪರದೆ ಕಳಚಿಕೊಳ್ಳುವ ಕಾಯಿಲೆ ಅದು. ನೋವಿಲ್ಲ, ಕೆಂಪಿಲ್ಲ, ನೀರಿಲ್ಲ. ಎರಡು ದಿನ ಉದಾಸೀನ ಮಾಡಿದರೆ ಕಣ್ಣೇ ಇಲ್ಲ. ಇದನ್ನು ಅವಳು ಓದಿ ತಿಳಿದದ್ದಲ್ಲ, ಇಪ್ಪತ್ತೇಳು ವರ್ಷ ಬಾಗಿಲಲ್ಲಿ ನಿಂತು ತಿಳಿದದ್ದು. ದೊಡ್ಡ ಡಾಕ್ಟರಮ್ಮ ಈ ವಿಭಾಗಕ್ಕೆ ವಿದ್ಯಾರ್ಥಿಯಾಗಿ ಬಂದ ಮೊದಲ ವಾರವೇ ಅವರ ಗುರುಗಳು ಹೇಳಿದ್ದರಂತೆ: ಮೂಲೆ ಮಡಚಿದ ಚೀಟಿ ಬಂದರೆ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು ನೋಡು.

ಹೀಗಿದ್ದ ಹಜಾರಕ್ಕೆ ಯಂತ್ರ ಬಂತು.

ಬಂತೆಂದರೆ ಸುಮ್ಮನೆ ಬಂತೇ? ರಿಬ್ಬನ್ ಕಟ್ಟಿಸಿಕೊಂಡು, ಫೋಟೋ ಹೊಡೆಸಿಕೊಂಡು ಬಂತು. ಹಜಾರದ ಹೊರಬಾಗಿಲ ಬಳಿ ಆಳೆತ್ತರದ ಪೆಟ್ಟಿಗೆ. ಗುಂಡಿ ಒತ್ತಿದರೆ ನಂಬರಿನ ಚೀಟಿ ಉಗುಳುತ್ತದೆ. ಡಾಕ್ಟರರ ಕೋಣೆಯ ಮೇಲೆ ಒಂದು ಹಲಗೆ. ಅದರಲ್ಲಿ ಕೆಂಪು ಅಂಕಿ ಬೆಳಗುತ್ತದೆ. ನಂಬರು ಬಂದಾಗ 'ಟಿಂಗ್' ಎನ್ನುತ್ತದೆ. ಇಪ್ಪತ್ತು ಸೆಕೆಂಡಿಗೆ ಒಮ್ಮೆಯಂತೆ ಮೂರು ಸಲ. ಅಷ್ಟರೊಳಗೆ ಬಾಗಿಲಿಗೆ ಬಾರದವರ ಹೆಸರಿನ ಮುಂದೆ 'ಗೈರುಹಾಜರು' ಎಂದು ತನ್ನಷ್ಟಕ್ಕೆ ತಾನೇ ಬರೆದುಕೊಂಡು ಮುಂದಿನವರಿಗೆ ಹೋಗುತ್ತದೆ. ಗೈರಾದವರು ಮರುದಿನ ಬೆಳಗ್ಗೆ ಬಂದು ಹೊಸ ನಂಬರು ತೆಗೆಯಬೇಕು.

ಅಲ್ಲ, ಕೇಳಿ ಇದನ್ನ! ಕಣ್ಣಿಗೆ ಮದ್ದು ಬಿಟ್ಟು, ಕೈ ಬೆರಳು ಎಣಿಸಲಾಗದ ಹಾಗೆ ಮಾಡಿ ಕೂರಿಸಿ, ಓದಿಕೊಳ್ಳಿ ಎಂದು ಎದುರಿಗೊಂದು ಹಲಗೆ ತೂಗುಹಾಕುವುದು! ಇಡೀ ಆಸ್ಪತ್ರೆಯಲ್ಲಿ ಇದು ಒಬ್ಬರ ತಲೆಗೂ ಹೊಳೆಯಲಿಲ್ಲ. ಯಂತ್ರದ ಕಂಪನಿಯವನಿಗೆ ಕೂಗಮ್ಮ ಮೊದಲ ದಿನವೇ ಹೇಳಿದಳು. "ಅಪ್ಪಾ, ಇದು ಕಣ್ಣಿನ ವಿಭಾಗ. ಇವರಿಗೆ ಕಾಣಲ್ಲ." ಅವನು ನಯವಾಗಿ ನಕ್ಕ. "ನಂಬರ್ ಹೇಳೋ ಧ್ವನಿನೂ ಬರುತ್ತೆ ಆಂಟಿ. ಅದು ಬೇರೆ ಪ್ಯಾಕೇಜು. ನಿಮ್ಮೋರು ತಗೊಂಡಿಲ್ಲ."

ಟಿಂಗ್ ಕೇಳಿದರೆ ಸಾಲದೇ ಎನ್ನಬಹುದು. ಎಲ್ಲಿಯ ಟಿಂಗ್? ರೋಗಿಗಳ ಜೊತೆ ಬಂದ ಮಗ, ಸೊಸೆ, ಅಳಿಯ, ಎಲ್ಲರ ಕೈಯಲ್ಲೂ ಒಂದೊಂದು ಟಿಂಗ್. ಹಲಗೆ ಟಿಂಗ್ ಎಂದರೆ ಇಪ್ಪತ್ತು ಕೈ ಜೇಬಿಗೆ ಹೋಗುತ್ತಿತ್ತು. ಮೊದಲಾದರೆ ಹೆಸರಿಗೆ ಕಿವಿಗೊಡಬೇಕೆಂದು ಎಲ್ಲರೂ ತಲೆ ಎತ್ತಿ ಕೂರುತ್ತಿದ್ದರು, ತಲೆ ಎತ್ತಿದವರು ಪಕ್ಕದವರ ಜೊತೆ ಮಾತಾಡುತ್ತಿದ್ದರು. ಈಗ ಕಣ್ಣು ಕಾಣುವವರು ಫೋನಿನೊಳಗೆ ತಲೆ ತೂರಿಸಿದರು, ಕಾಣದವರು ಗೋಡೆಯ ಕಡೆ ಮುಖ ಮಾಡಿ ಕೂತರು. ಪಕ್ಕದವನ ನಂಬರು ಎಷ್ಟೆಂದು ಯಾರಿಗೆ ಗೊತ್ತು, ತಿವಿಯುವುದು ಹೇಗೆ? ಗೋಡೆಗೆ 'ನಿಶ್ಶಬ್ದ' ಎಂದು ದೊಡ್ಡದಾಗಿ ಬರೆಸಿದ್ದರು. ಆ ಬೋರ್ಡೂ ಯಾರಿಗೂ ಕಾಣುತ್ತಿರಲಿಲ್ಲ, ಅದು ಬೇರೆ ಮಾತು.

ಚೀಟಿಯ ಕಟ್ಟು ಹೋಯಿತು. ಮಡಚಲು ಮೂಲೆಯೇ ಇಲ್ಲ. ಏನು ಕಾಯಿಲೆ ಎಂದು ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಒತ್ತುತ್ತಿದ್ದಳು. ಅದರಲ್ಲಿದ್ದದ್ದು ಐದೇ ಐದು ಆಯ್ಕೆ. ಪರದೆ ಎಳೆದ ಹಾಗಿದೆ ಎಂದರೂ ಮಿಂಚು ಹೊಡೆಯಿತು ಎಂದರೂ ಅವಳು ಒತ್ತುತ್ತಿದ್ದದ್ದು 'ದೃಷ್ಟಿ ಮಂಜು'. ಪಾಪ, ಅವಳಾದರೂ ಏನು ಮಾಡಿಯಾಳು? ಕೂಗಮ್ಮನಿಗೆ ಪೆಟ್ಟಿಗೆಯ ಪಕ್ಕ ಒಂದು ಕುರ್ಚಿ ಕೊಟ್ಟು, ಗುಂಡಿ ಒತ್ತಿ ಚೀಟಿ ಹರಿದುಕೊಡುವ ಕೆಲಸ ಹಚ್ಚಿದರು.

ಎರಡನೇ ವಾರವೇ ಅವಳಿಂದ ತಡೆಯಲಾಗಲಿಲ್ಲ. ತನ್ನ ಸರದಿ ಬಂದದ್ದು ತಿಳಿಯದೆ ಕೂತಿದ್ದ ಒಬ್ಬ ಬಾಣಂತಿಯನ್ನು ಹೆಸರು ಹಿಡಿದು ಕೂಗಿಬಿಟ್ಟಳು. ಅದೇ ಹೊತ್ತಿಗೆ ವಿಭಾಗದ ಸೂಪರಿಂಟೆಂಡೆಂಟ್ ಸಾಹೇಬರು ಅಲ್ಲಿಂದ ಹಾಯ್ದರು. ಇಸ್ತ್ರಿಯ ಗೆರೆ ಕೆಡದಂತೆ ಕೂರುವ, ಏಳುವ ಮನುಷ್ಯ ಅವರು. ಸಂಜೆಗೆ ಮೆಮೊ ಬಂತು: ನೂತನ ವ್ಯವಸ್ಥೆಗೆ ಅಡ್ಡಿಪಡಿಸಿರುತ್ತೀರಿ, ಮರುಕಳಿಸಿದಲ್ಲಿ ಶಿಸ್ತು ಕ್ರಮ ಜರುಗಿಸಲಾಗುವುದು.

"ನಾನು ಕೂಗಿದ್ದಕ್ಕೇ ಸಂಬಳ ಕೊಟ್ಟೋರು ಇವರು. ಈಗ ಕೂಗಿದ್ದಕ್ಕೆ ಮೆಮೊ ಕೊಡ್ತಾರಂತೆ ಕಣ್ರೀ!" ಎಂದು ಅವಳು ಮನೆಯಲ್ಲಿ ಚೀಲ ಎಸೆದಳು.

ಗಂಡ ಮೆಮೊವನ್ನು ಎರಡು ಸಲ ಓದಿ ಮಡಚಿಟ್ಟ. "ರಿಟೈರ್ ಆಗೋಕೆ ಇನ್ನೊಂದು ವರ್ಷ. ಬಾಯಿ ಮುಚ್ಕೊಂಡು ಕಳೆದುಬಿಡು. ನಿನಗೆ ಕಷ್ಟ, ನನಗೆ ಗೊತ್ತು."

ಅವಳು ಹೂಂ ಎಂದಳು. ಆ ಹೂಂಗೆ ಇಂಥ ಬೆಲೆ ತೆರಬೇಕಾಗುತ್ತದೆಂದು ಅವಳಿಗೆ ಆಗ ತಿಳಿದಿರಲಿಲ್ಲ.

ಅದಾಗಿ ಒಂದು ತಿಂಗಳಿಗೆ, ಒಂದು ಸೋಮವಾರ ಬೆಳಗ್ಗೆ ಬೀಗದಣ್ಣ ಬಂದರು. ಬಸ್ ನಿಲ್ದಾಣದ ಎದುರಿನ ಮಳಿಗೆಗಳ ಮೆಟ್ಟಿಲ ಕೆಳಗೆ, ಒಂದು ಮರದ ಪೆಟ್ಟಿಗೆ ಮುಂದಿಟ್ಟುಕೊಂಡು ಬೀಗ ರಿಪೇರಿ ಮಾಡುವವರು, ಬೀಗದಕೈ ಮಾಡಿಕೊಡುವವರು. ಅರವತ್ತು ದಾಟಿದ ವಯಸ್ಸು, ಮೆತ್ತನೆಯ ಮಾತು. ಆಸ್ಪತ್ರೆಯ ಔಷಧಿ ಕಪಾಟಿನ ಬೀಗ ಕೆಟ್ಟಾಗಲೆಲ್ಲ ಬಂದು ಸರಿಮಾಡಿದವರು ಅವರೇ. ಮಗಳು ಶಾಲೆಯ ವ್ಯಾನ್ ಓಡಿಸುತ್ತಾಳೆ. ಬೆಳಗಿನ ಹೊತ್ತು ಅವಳು ಮಕ್ಕಳನ್ನು ಬಿಟ್ಟು ಬರುವಂತಿಲ್ಲ. ಹಾಗಾಗಿ ಒಬ್ಬರೇ ಬಂದಿದ್ದರು. ಕೂಗಮ್ಮ ಗುಂಡಿ ಒತ್ತಿ ಚೀಟಿ ಹರಿದುಕೊಟ್ಟಳು. ನಲವತ್ತೇಳು.

"ನಲವತ್ತೇಳು ಬಂದ್ರೆ ಒಂದು ಮಾತು ಹೇಳ್ತೀಯಾ ತಾಯಿ? ಈ ಹನಿ ಬಿಟ್ಮೇಲೆ ನನಗೇನೂ ಕಾಣಲ್ಲ."

"ಹೂಂ ಅಣ್ಣ, ಹೇಳ್ತೀನಿ. ಹೋಗಿ ಕೂತ್ಕೊಳ್ಳಿ."

ಮೂರನೇ ಬೆಂಚಿನ ತುದಿಗೆ ಹೋಗಿ ಅವರು ಕೂತರು. ಏನಾಯ್ತು ಎಂದು ಅವಳು ಕೇಳಲಿಲ್ಲ. ಇಪ್ಪತ್ತೇಳು ವರ್ಷ ಸಾವಿರಾರು ಜನರನ್ನು ಕೇಳಿದ ಪ್ರಶ್ನೆ, ಅವತ್ತು ಕೇಳಲಿಲ್ಲ. ಬೆಂಚುಗಳ ನಡುವೆ ಸುತ್ತು ಬರುವುದು ನಿಂತುಹೋಗಿತ್ತಲ್ಲ, ಪ್ರಶ್ನೆಯೂ ನಿಂತುಹೋಗಿತ್ತು.

ಹನ್ನೊಂದರ ಹೊತ್ತಿಗೆ ಸೂಪರಿಂಟೆಂಡೆಂಟ್ ಸಾಹೇಬರು ಆರು ಜನರನ್ನು ಹಿಂದೆ ಕಟ್ಟಿಕೊಂಡು ಬಂದರು. ಬೇರೆ ಆಸ್ಪತ್ರೆಯವರಂತೆ, ಯಂತ್ರ ನೋಡಿಕೊಂಡು ಹೋಗಲು ಬಂದವರಂತೆ. ಕೂಗಮ್ಮನಿಗೆ ಎದ್ದು ನಿಂತು ನಗುಮುಖದಿಂದ ಚೀಟಿ ಹರಿದು ತೋರಿಸಲು ಹೇಳಿದರು. ತೋರಿಸಿದಳು. "ನೋಡಿ, ಎಷ್ಟು ಶಾಂತವಾಗಿದೆ" ಎಂದರು ಸಾಹೇಬರು. "ಮೊದಲು ಇಲ್ಲಿ ಸಂತೆ ಗದ್ದಲ ಇತ್ತು."

ಆಗಲೇ ಹಲಗೆಯ ಮೇಲೆ ನಲವತ್ತೇಳು ಬೆಳಗಿತು. ಟಿಂಗ್.

ಬೀಗದಣ್ಣ ಕದಲಲಿಲ್ಲ. ಕರವಸ್ತ್ರ ಕಣ್ಣಿಗೊತ್ತಿಕೊಂಡು ಅವಳು ಹೇಳಿಯೇ ಹೇಳುತ್ತಾಳೆಂಬ ನೆಮ್ಮದಿಯಲ್ಲಿ ಕೂತಿದ್ದರು. ಅವಳು ನಿಂತಲ್ಲಿಂದ ಅವರಿಗೆ ಹನ್ನೊಂದು ಹೆಜ್ಜೆ. ಆಮೇಲೆ ಅವಳು ಎಷ್ಟೋ ಸಲ ಅಳೆದಳು, ಹನ್ನೊಂದೇ. ಹೆಸರು ನಾಲಿಗೆಯ ತುದಿಗೆ ಬಂತು. ಸಾಹೇಬರು ಅವಳತ್ತ ನೋಡಿದರು. ಮೆಮೊದ ಅಕ್ಷರಗಳು ಕಣ್ಮುಂದೆ ಬಂದವು, ಗಂಡನ ಮಾತು ನೆನಪಾಯಿತು. ಟಿಂಗ್. ಕೂಗದಿದ್ದರೆ ಹೋಗಲಿ, ನಡೆದು ಹೋಗಿ ಭುಜ ಮುಟ್ಟೋಣ ಎಂದುಕೊಂಡಳು, ಅಷ್ಟರಲ್ಲಿ ಬಂದವರಲ್ಲೊಬ್ಬ "ಇನ್ನೊಂದ್ಸಲ ಒತ್ತಿ ತೋರಿಸ್ತೀರಾ?" ಎಂದ. ಒತ್ತಿದಳು. ಟಿಂಗ್. ನಲವತ್ತೆಂಟು.

ಅವಳು ಉಗುಳು ನುಂಗಿದಳು. ಅಷ್ಟೇ ಅವಳು ಮಾಡಿದ್ದು.

ಅವರೆಲ್ಲ ಹೋದ ಮೇಲೆ ಯಂತ್ರದ ಕಂಪ್ಯೂಟರ್ ನೋಡಿಕೊಳ್ಳುವವನ ಹತ್ತಿರ ಓಡಿದಳು. "ನಲವತ್ತೇಳು ತಪ್ಪಿಹೋಯ್ತಪ್ಪ, ಇನ್ನೊಂದ್ಸಲ ಹಾಕು." ಅವನು ಕೈಚೆಲ್ಲಿದ. "ಲಾಕ್ ಆಗಿದೆ ಅಕ್ಕ, ನನ್ನ ಕೈಲೂ ಆಗಲ್ಲ. ನಾಳೆ ಬರ್ಲಿ ಬಿಡಿ." ಅವಳು ಬೀಗದಣ್ಣನ ಹತ್ತಿರ ಹೋಗಿ ಹೇಳಿದಾಗ ಅವರು ಬೇಸರ ಕೂಡ ಮಾಡಿಕೊಳ್ಳಲಿಲ್ಲ. "ಹೌದಾ? ನಾನೇ ಸ್ವಲ್ಪ ಗಮನ ಇಟ್ಟು ಕೂರಬೇಕಿತ್ತು. ನಾಳೆ ಬರ್ತೀನಿ ಬಿಡು ತಾಯಿ." ಗೋಡೆ ಹಿಡಿದುಕೊಂಡು ಹೊರಟುಹೋದರು. ಆಗಲೂ ಅವಳು ಕೇಳಲಿಲ್ಲ.

ಮಂಗಳವಾರ ಅವಳನ್ನು ಮೂರನೇ ಮಹಡಿಗೆ ಕಳಿಸಿದರು. ತರಬೇತಿಯಂತೆ! 'ರೋಗಿಗಳೊಂದಿಗೆ ಆತ್ಮೀಯ ಸಂವಹನ' ಎಂದು ಬಾಗಿಲಿಗೆ ಬರೆದು ಅಂಟಿಸಿದ್ದರು. ಆ ಕೋಣೆಯಲ್ಲಿ ಕತ್ತಲು ಮಾಡಿ ಮೂವತ್ತು ಅಟೆಂಡರುಗಳಿಗೆ ಒಂದು ವಿಡಿಯೋ ಹಾಕಿದರು. ರೋಗಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಹೆಸರು ಹಿಡಿದು ಮಾತಾಡಿಸಿ, ಮುಗುಳ್ನಗಿ ಎಂದು ಅದರಲ್ಲಿ ಯಾರೋ ಹೇಳುತ್ತಿದ್ದರು. ಕೂಗಮ್ಮ ಅಲ್ಲಿ ಆತ್ಮೀಯತೆ ಕಲಿಯುತ್ತ ಕೂತಿದ್ದಾಗ ಎರಡು ಮಹಡಿ ಕೆಳಗೆ ಐವತ್ತೆರಡನೇ ನಂಬರು ಬೆಳಗಿ, ಮೂರು ಸಲ ಟಿಂಗ್ ಎಂದು ಆರಿತು. ಬೀಗದಣ್ಣ ಆವತ್ತೂ ಸಂಜೆಯವರೆಗೆ ಕೂತು, ಹಜಾರ ಗುಡಿಸುವವರು ಏಳಿಸಿದ ಮೇಲೆ ಮನೆಗೆ ಹೋದರು.

ಬುಧವಾರ ಬೆಳಗ್ಗೆ ಮತ್ತೆ ಬಂದರು. ಚೀಟಿಗೆ ಕೈ ಚಾಚಿದವರು ಅವಳ ಕೈಯನ್ನು ಒಂದು ಗೇಣು ಆಚೆ ಹುಡುಕಿದರು. ಕೂಗಮ್ಮ ಕುರ್ಚಿ ಬಿಟ್ಟು ಎದ್ದಳು.

"ಅಣ್ಣಾ, ಏನಾಯ್ತು?"

"ಏನಿಲ್ಲ ತಾಯಿ. ಶನಿವಾರದಿಂದ ಎಡಗಣ್ಣಿನ ಮೂಲೇಲಿ ಒಂದು ಪರದೆ ಎಳೆದ ಹಾಗಿತ್ತು. ನೋವೇನಿಲ್ಲ. ನಿನ್ನೆ ಸಂಜೆ ಪೂರ್ತಿ ಬಿದ್ದುಬಿಡ್ತು."

ಅವಳು ಗುಂಡಿಯನ್ನೂ ಒತ್ತಲಿಲ್ಲ, ಚೀಟಿಯನ್ನೂ ಹರಿಯಲಿಲ್ಲ. ಅವರ ಕೈ ಹಿಡಿದು ಎಂಟು ಸಾಲು ಬೆಂಚು ದಾಟಿ, ನಂಬರಿನವರನ್ನೆಲ್ಲ ಪಕ್ಕಕ್ಕೆ ಸರಿಸಿ, ದೊಡ್ಡ ಡಾಕ್ಟರಮ್ಮನ ಕೋಣೆಯ ಬಾಗಿಲು ತಳ್ಳಿಕೊಂಡು ಒಳಗೆ ನುಗ್ಗಿದಳು. ಡಾಕ್ಟರಮ್ಮ ಕಣ್ಣು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ದೀಪ ಆರಿಸಿ, "ಎರಡು ದಿನ ಮುಂಚೆ ಬರೋದಲ್ವಾ ಯಜಮಾನ್ರೇ? ಆಗ ಪರದೆಯ ನಡುವಿನ ಭಾಗ ಕಳಚಿರ್ತಿರಲಿಲ್ಲ, ದೃಷ್ಟಿ ಉಳೀತಿತ್ತು" ಎಂದರು.

ಬೀಗದಣ್ಣ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡರು.

ಮರುದಿನವೇ ಆಪರೇಷನ್ ಮಾಡಿದರು. ಪರದೆಯನ್ನು ಜಾಗಕ್ಕೆ ಕೂರಿಸಿದರು, ದೃಷ್ಟಿ ಬರಲಿಲ್ಲ. ಬೆಳಕು ಕತ್ತಲೆಯ ವ್ಯತ್ಯಾಸ ತಿಳಿಯುತ್ತದೆ, ಅಷ್ಟೇ. ಕೂಗಮ್ಮ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ನಿಂತು ಅತ್ತಳು. "ನಾನು ನೋಡ್ತಾನೇ ಇದ್ದೆ ಅಣ್ಣ. ಹೇಳ್ತೀನಿ ಅಂತ ಹೇಳಿ ಹೇಳ್ಲಿಲ್ಲ. ಹೆದರಿಬಿಟ್ಟೆ." ಅವರು ಅವಳನ್ನೇ ಸಮಾಧಾನ ಮಾಡಿದರು. "ಅಳಬೇಡ ತಾಯಿ. ಬೀಗದೊಳಗೆ ಕಣ್ಣು ಹೋಗಲ್ಲ, ಅಲ್ಲಿ ನೋಡೋದು ಕೈಯೇ. ಇನ್ನೊಂದು ಕಣ್ಣು ಇದೆಯಲ್ಲ." ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಈ ಮಾತು ಕೇಳಿ ಮೈಯೆಲ್ಲ ಉರಿದುಹೋಯಿತು. ಯಾರ ಮೇಲೆ ಉರಿಯಬೇಕು? ಯಂತ್ರಕ್ಕೆ ಬುದ್ಧಿಯಿಲ್ಲ. ಬುದ್ಧಿಯಿದ್ದವರೆಲ್ಲ ಅದನ್ನು ತಂದು ನಿಲ್ಲಿಸಿ ಕೈತೊಳೆದುಕೊಂಡಿದ್ದರು. ಗಂಟಲು ಇದ್ದವಳು ಅದನ್ನು ನುಂಗಿಕೊಂಡಿದ್ದಳು.

ಬೀಗದಣ್ಣ ಸುಮ್ಮನಿದ್ದರೂ ಮಗಳು ಸುಮ್ಮನಿರಲಿಲ್ಲ. ದೂರು ಬರೆದು ಕೊಟ್ಟಳು. ಮೂರು ವಾರಕ್ಕೆ ಉತ್ತರ ಬಂತು. ಅದನ್ನು ಹಿಡಿದುಕೊಂಡು ವ್ಯಾನನ್ನು ಆಸ್ಪತ್ರೆಯ ಗೇಟಿಗೆ ಅಡ್ಡ ನಿಲ್ಲಿಸಿ, ಹಜಾರಕ್ಕೆ ಬಂದು ಕೂಗಮ್ಮನ ಮುಂದೆ ಹಿಡಿದಳು. "ಓದಿ ಆಂಟಿ. ನಮ್ಮಪ್ಪ ಎರಡೂ ದಿನ ಬಂದೇ ಇಲ್ವಂತೆ!"

ಓದಿದಳು. ಯಂತ್ರದ ದಾಖಲೆಯ ಪ್ರಕಾರ ಸೋಮವಾರ ನಲವತ್ತೇಳನೇ ನಂಬರು ಗೈರುಹಾಜರು, ಮಂಗಳವಾರ ಐವತ್ತೆರಡನೇ ನಂಬರು ಗೈರುಹಾಜರು. ಚಿಕಿತ್ಸೆ ತಡವಾದದ್ದಕ್ಕೆ ರೋಗಿಯೇ ಹೊಣೆ.

"ನಮ್ಮಪ್ಪ ಮನೆಯಿಂದ ಹೊರಟು ಎಲ್ಲಿಗೆ ಹೋಗಿದ್ರು ಹಾಗಾದ್ರೆ? ನಾನೇ ಬಸ್ ಹತ್ತಿಸಿದ್ದು. ಈಗ ಅಕ್ಕಪಕ್ಕದೋರು ಕೇಳ್ತಾರೆ, ಮುದುಕ ಆಸ್ಪತ್ರೆಗೆ ಅಂತ ಹೇಳಿ ಎಲ್ಲೋ ಕೂತಿದ್ದ ಅಂತ. ಕಣ್ಣು ಹೋಯ್ತು, ಅದನ್ನ ಯಾರೂ ವಾಪಸ್ ಕೊಡಲ್ಲ. ಆದ್ರೆ ಅವರು ಬಂದಿದ್ರು ಅಂತಾದ್ರೂ ಬರೀಬೇಕಲ್ವಾ?"

ವಿಚಾರಣೆಗೆ ದಿನ ಗೊತ್ತಾಯಿತು. ಹಿಂದಿನ ದಿನ ಸೂಪರಿಂಟೆಂಡೆಂಟ್ ಸಾಹೇಬರು ಕೂಗಮ್ಮನನ್ನು ಕರೆಸಿ, ಕುರ್ಚಿ ತೋರಿಸಿದರು. ಇಪ್ಪತ್ತೇಳು ವರ್ಷದಲ್ಲಿ ಆ ಕೋಣೆಯಲ್ಲಿ ಅವಳಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. "ನಿಮ್ಮನ್ನೂ ಕೇಳ್ತಾರಮ್ಮ. ಹೇಳಿಕೆ ನಾನೇ ಟೈಪ್ ಮಾಡಿಸಿಟ್ಟಿರ್ತೀನಿ. ಸದರಿ ದಿನ ಸದರಿ ರೋಗಿಯನ್ನ ನಾನು ನೋಡಿಲ್ಲ, ಅಷ್ಟೇ. ಸಹಿ ಹಾಕಿ ಮುಗಿಸಿ. ನಿವೃತ್ತಿ ಹತ್ತಿರ ಇಟ್ಕೊಂಡು ನಿಮಗ್ಯಾಕೆ ಊರ ಉಸಾಬರಿ?"

ಅವತ್ತು ಮನೆಗೆ ಹೋಗಿ ಗಂಡನಿಗೆ ಹೇಳಿದಳು. ಅವನು ತಟ್ಟೆಯಲ್ಲಿ ಕೈಯಾಡಿಸುತ್ತ ಕೂತ. ಕೊನೆಗೆ, "ಬಾಯಿ ಮುಚ್ಕೊಂಡಿರು ಅಂದೋನು ನಾನು" ಎಂದ. "ನಾನೂ ಅದರಲ್ಲಿ ಪಾಲುದಾರ. ನಿನಗೆ ಏನು ಸರಿ ಅನ್ಸುತ್ತೋ ಮಾಡು. ನಾನೇನೂ ಅನ್ನಲ್ಲ."

ವಿಚಾರಣೆ ನಡೆದದ್ದು ಹಜಾರದ ಪಕ್ಕದ ಕೋಣೆಯಲ್ಲೇ. ಮೇಜಿನ ನಡುವೆ ದೊಡ್ಡ ಡಾಕ್ಟರಮ್ಮ, ಆಚೆ ಸೂಪರಿಂಟೆಂಡೆಂಟ್ ಸಾಹೇಬರು, ಈಚೆ ಕಂಪನಿಯವನು. ಕಂಪನಿಯವನು ಮಡಿಲಲ್ಲಿ ಫಳಫಳ ಹೊಳೆಯುವ ಟ್ಯಾಬ್ಲೆಟ್ ಇಟ್ಟುಕೊಂಡಿದ್ದ. ಮೇಜಿನ ಮೇಲೆ ಒಂದು ಗೇಣು ಎತ್ತರದ ಕಾಗದ: ಯಂತ್ರದ ದಾಖಲೆ, ಕಂಪನಿಯ ವರದಿ, ಸಾಹೇಬರ ಟಿಪ್ಪಣಿ. ಯಂತ್ರ ಒಂದು ಸೆಕೆಂಡೂ ತಪ್ಪಿಲ್ಲ ಎಂದು ಕಂಪನಿಯವನು ಹೇಳಿದ. ಅದಂತೂ ನಿಜವೇ.

ಕೂಗಮ್ಮನ ಮುಂದೆ ಟೈಪ್ ಮಾಡಿದ ಹೇಳಿಕೆ ಸರಿಸಿದರು. "ಸದರಿ ರೋಗಿಯನ್ನು ನಾನು ನೋಡಿರುವುದಿಲ್ಲ." ಕೆಳಗೆ ಸಹಿಗೆ ಗೆರೆ. ಅವಳು ಪೆನ್ನು ತೆಗೆದುಕೊಂಡಳು. ಆ ಸಾಲಿನ ಮೇಲೆ ಒಂದು ಗೀಟು ಎಳೆದಳು. ಎಷ್ಟು ಒತ್ತಿ ಎಳೆದಳೆಂದರೆ ಕಾಗದ ಹರಿಯಿತು. ಗೀಟಿನ ಕೆಳಗೆ ತನ್ನ ದಪ್ಪ ಅಕ್ಷರದಲ್ಲಿ ಬರೆಯತೊಡಗಿದಳು. ಬರೆಯುತ್ತಲೇ ಬಾಯಲ್ಲೂ ಹೇಳಿದಳು. ಸಣ್ಣ ದನಿಯಲ್ಲಿ ಮಾತಾಡಿ ಅವಳಿಗೆ ಅಭ್ಯಾಸವಿಲ್ಲವಲ್ಲ.

"ಅವರು ಬಂದಿದ್ರು. ಮೂರನೇ ಬೆಂಚಿನ ತುದೀಲಿ ಕೂತಿದ್ರು. ನಾನು ನೋಡಿದೆ. ನಂಬರ್ ಬಂದ್ರೆ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ನಂಬರ್ ಬಂತು. ನಾನು ಕೂಗಲಿಲ್ಲ. ಕೂಗಬಾರದು ಅಂತ ನನಗೆ ಮೆಮೊ ಕೊಟ್ಟಿದ್ರು, ಅದಕ್ಕೆ ಹೆದರಿದೆ."

"ಏನಮ್ಮ ಇದು!" ಸಾಹೇಬರು ಎದ್ದೇ ನಿಂತರು. "ನೀವು ನಿಮ್ಮ ಕುತ್ತಿಗೆಗೆ ನೀವೇ..."

"ಕೂತ್ಕೊಳ್ಳಿ ಸಾರ್. ನನ್ನ ಕುತ್ತಿಗೆ ನಾನು ನೋಡ್ಕೋತೀನಿ. ಕಣ್ಣು ಕಾಣದ ಹಾಗೆ ಮಾಡಿ ಬೋರ್ಡ್ ಓದಿ ಅಂತೀರಿ. ಓದಕ್ಕಾಗದೆ ಕೂತ್ರೆ ಬಂದೇ ಇಲ್ಲ ಅಂತ ಬರೀತೀರಿ. ಬರೆದ ಮೇಲೆ ಅದೇ ಸತ್ಯ ಅಂತೀರಿ! ನೂರಿಪ್ಪತ್ತು ಜನ ಇರೋ ಹಜಾರ ಸಾರ್. ಪಕ್ಕದಲ್ಲಿ ಮನುಷ್ಯರು ಕೂತಿದ್ರು, ಎದುರಿಗೆ ನಾನಿದ್ದೆ, ನೀವೂ ಇದ್ರಿ. ಅವರು ಬಂದಿದ್ದನ್ನ ಒಬ್ಬರೂ ನೋಡ್ಲಿಲ್ಲ ಅಂದ್ರೆ ಗೈರುಹಾಜರಿ ಯಾರದು?"

ಅವಳು ಸಹಿ ಹಾಕಿದಳು. ಆಮೇಲೆ, ಯೋಚನೆಯೇ ಇಲ್ಲದೆ, ಅವಳ ಬೆರಳುಗಳು ತಮ್ಮ ಹಳೆಯ ಕೆಲಸ ಮಾಡಿದವು. ಆ ಕಾಗದದ ಮೇಲಿನ ಮೂಲೆಯನ್ನು ಮಡಚಿ, ಉಗುರಿನಿಂದ ಒತ್ತಿ, ಮೇಜಿನ ಕಟ್ಟಿನ ತಲೆಯ ಮೇಲಿಟ್ಟಳು.

ದೊಡ್ಡ ಡಾಕ್ಟರಮ್ಮ ಆ ಮೂಲೆಯನ್ನು ನೋಡಿದರು. ಕೈಯಲ್ಲಿದ್ದ ಕಾಫಿ ಕೆಳಗಿಟ್ಟರು. ಕಾಗದ ಎತ್ತಿಕೊಂಡು ಪೂರ್ತಿ ಓದಿದರು, ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಅವತ್ತು ನಾನೂ ಅವರನ್ನೇ ಬೈದೆ. ಮುಂಚೆ ಬರೋದಲ್ವಾ ಅಂತ" ಎಂದರು ಮೆಲ್ಲಗೆ. ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಈ ಹೇಳಿಕೆ ಮೊದಲು ದಾಖಲಾಗಲಿ. ಉಳಿದದ್ದು ಆಮೇಲೆ. ಆ ಯಜಮಾನ್ರನ್ನ ನಾನು ಮಾತಾಡಿಸಬೇಕು. ಇವತ್ತು ಬಂದಿದ್ದಾರಾ?"

ಕಂಪನಿಯವನು ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದ. ಮೇಲಕ್ಕೆ ಸರಿಸಿದ, ಕೆಳಕ್ಕೆ ಸರಿಸಿದ. "ಇವತ್ತಿನ ಲಿಸ್ಟಲ್ಲಿ ಅವರ ಟೋಕನ್ ಇಲ್ಲ ಮೇಡಂ. ಬಂದಿಲ್ಲ ಅನ್ಸುತ್ತೆ."

ಕೂಗಮ್ಮ ಅವನ ಮುಖವನ್ನೊಮ್ಮೆ ನೋಡಿದಳು. ಎದ್ದು ಹೋಗಿ ಬಾಗಿಲು ಪೂರಾ ತೆರೆದಳು. ಹಜಾರದಲ್ಲಿ ಎಂಟು ಸಾಲು ಬೆಂಚು, ಬಗ್ಗಿದ ತಲೆಗಳು, ಗೋಡೆಯ ಮೇಲೆ ಯಾರಿಗೂ ಕಾಣದ ನಿಶ್ಶಬ್ದ. ಅವಳು ಎದೆ ತುಂಬ ಉಸಿರೆಳೆದುಕೊಂಡು ಬೀಗದಣ್ಣನನ್ನು ಅವರ ಹೆಸರು ಹಿಡಿದು ಕೂಗಿದಳು. ಆ ಸೋಮವಾರ ಕೂಗಬೇಕಿದ್ದ ದನಿಯಲ್ಲಿ ಕೂಗಿದಳು. ಫೋನುಗಳಿಂದ ತಲೆಗಳು ಮೇಲೆದ್ದವು.

"ಇದ್ದೀನಿ ತಾಯಿ" ಎಂಬ ಮೆತ್ತನೆಯ ದನಿ ಮೂರನೇ ಬೆಂಚಿನ ತುದಿಯಿಂದ ಬಂತು. "ವಿಚಾರಣೆ ಅಂದ್ರಲ್ಲ, ಬೆಳಗ್ಗೆಯಿಂದ ಇಲ್ಲೇ ಇದ್ದೀನಿ."

ಪಕ್ಕದಲ್ಲಿ ಕೂತಿದ್ದ, ಅವರ ಗುರುತೇ ಇಲ್ಲದ ಒಬ್ಬ ಹೆಂಗಸು ಎದ್ದು ಅವರ ಮೊಣಕೈ ಹಿಡಿದುಕೊಂಡಳು. ಮುಂದಿನ ಬೆಂಚಿನವನೊಬ್ಬ ಫೋನನ್ನು ಜೇಬಿಗೆ ಹಾಕಿ ಕೈ ಚಾಚಿದ.